ವಿಶ್ವವಿದ್ಯಾಲಯಗಳೂ ಸುಸ್ಥಿರತೆಯ ಠರಾವೂ

ಸಭೆ ಸೇರುವುದು, ಠರಾವು ಬರೆಯುವುದು, ಒಮ್ಮತದಿಂದ ಅಂಗೀಕರಿಸುವುದು, ಬಳಿಕ ಅದನ್ನು ದಫ್ತರದ ಕಪಾಟಿನಲ್ಲಿ ಕಟ್ಟಿಡುವುದು. ಈ ನಾಲ್ಕು ಕೆಲಸಗಳಲ್ಲಿ ನಮ್ಮ ಸಾರ್ವಜನಿಕ ಸಂಸ್ಥೆಗಳು ಪಡೆದಿರುವ ನೈಪುಣ್ಯವು ವಾಚಕರಿಗೆ ಹೊಸದಲ್ಲ. ಈಚಿನ ವರ್ಷಗಳಲ್ಲಿ ಈ ಠರಾವುಗಳ ಸಾಲಿಗೆ ಇನ್ನೊಂದು ಬಂದು ಸೇರಿದೆ. ಅದಕ್ಕೆ ಸುಸ್ಥಿರತೆಯ ಧೋರಣೆಯೆಂದೂ ಪರಿಸರ ನೀತಿಯೆಂದೂ ಹೆಸರು. ದೇಶದ ಹಲವು ವಿಶ್ವವಿದ್ಯಾಲಯಗಳೂ ಮಹಾವಿದ್ಯಾಲಯಗಳೂ ಇಂಥದೊಂದು ನೀತಿಯನ್ನು ಅಂಗೀಕರಿಸಿವೆ. ಇದು ಶುಭಲಕ್ಷಣವೇ ಸರಿ. ಆದರೆ ನೀತಿಯನ್ನು ಅಂಗೀಕರಿಸುವುದಕ್ಕೂ ನೀತಿಯಂತೆ ನಡೆಯುವುದಕ್ಕೂ ನಡುವೆ ಎಷ್ಟು ಹರದಾರಿಯ ಅಂತರವಿದೆಯೆಂಬುದನ್ನು ಅಳೆದು ನೋಡಬೇಕಾಗಿದೆ. ಅದಕ್ಕಾಗಿಯೇ ಈ ವಿಷಯವನ್ನು ಇಂದು ಕೈಗೆತ್ತಿಕೊಂಡಿದ್ದೇವೆ.

ಸುಸ್ಥಿರತೆಯೆಂಬ ಶಬ್ದವು ಹೊಸದಾದರೂ ಅದರ ಅರ್ಥವು ನಮ್ಮ ಒಕ್ಕಲಿಗನಿಗೆ ಹೊಸದಲ್ಲ. ಬಿತ್ತನೆಯ ಬೀಜವನ್ನು ಉಣ್ಣಬಾರದು, ಕೆರೆಯ ಹೂಳನ್ನು ವರ್ಷವರ್ಷವೂ ಎತ್ತಬೇಕು, ಹೊಲದಿಂದ ತೆಗೆದುಕೊಂಡದ್ದನ್ನು ಗೊಬ್ಬರದ ರೂಪದಿಂದ ಹೊಲಕ್ಕೆ ಹಿಂದಿರುಗಿಸಬೇಕು ಎಂಬುದೇ ಅದರ ತಿರುಳು. ೧೯೮೭ರಲ್ಲಿ ನಾರ್ವೆ ದೇಶದ ಪ್ರಧಾನಿಯಾಗಿದ್ದ ಗ್ರೋ ಹಾರ್ಲೆಮ್ ಬ್ರಂಟ್‌ಲ್ಯಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗವು ತನ್ನ ವರದಿಯಲ್ಲಿ ಈ ತಿರುಳನ್ನೇ ಶಾಸ್ತ್ರದ ಮಾತಿನಲ್ಲಿ ನಿರೂಪಿಸಿತು. ಇಂದಿನವರು ತಮ್ಮ ಆವಶ್ಯಕತೆಗಳನ್ನು ಪೂರೈಸಿಕೊಳ್ಳುವಾಗ ಮುಂದಿನವರ ಪಾಲಿಗೆ ಕೈಯಿಕ್ಕಬಾರದು ಎಂಬುದು ಅದರ ಸಾರಾಂಶ. ಮುಂದಿನ ತಲೆಮಾರನ್ನು ಸಿದ್ಧಪಡಿಸುವುದಕ್ಕೆಂದೇ ಹುಟ್ಟಿದ ಸಂಸ್ಥೆಯು ವಿಶ್ವವಿದ್ಯಾಲಯ. ಅದು ತನ್ನ ವಿದ್ಯಾರ್ಥಿಗಳಿಗೆ ಒಂದು ಕೈಯಿಂದ ಪದವಿಯನ್ನು ಕೊಟ್ಟು ಇನ್ನೊಂದು ಕೈಯಿಂದ ಅವರ ನೀರನ್ನೂ ಗಾಳಿಯನ್ನೂ ಕಸಿದುಕೊಂಡರೆ ಅದಕ್ಕಿಂತ ದೊಡ್ಡ ವಿಪರ್ಯಾಸವು ಬೇರೊಂದಿಲ್ಲ.

ಈ ವಿಚಾರವು ಉನ್ನತ ಶಿಕ್ಷಣದ ಅಂಗಳಕ್ಕೆ ಬಂದ ಚರಿತ್ರೆಯನ್ನು ಸಂಕ್ಷೇಪವಾಗಿ ನೆನೆಯುವುದು ಅಪ್ರಸ್ತುತವಾಗಲಾರದು. ೧೯೭೨ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ನೆರೆದ ವಿಶ್ವಸಂಸ್ಥೆಯ ಪರಿಷತ್ತು ಪರಿಸರ ಶಿಕ್ಷಣದ ಆವಶ್ಯಕತೆಯನ್ನು ಮೊದಲು ಎತ್ತಿ ಹೇಳಿತು. ೧೯೯೦ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷರ ಆಹ್ವಾನದ ಮೇಲೆ ಫ್ರಾನ್ಸಿನ ತಲ್ವಾರ್ ಎಂಬ ಪಟ್ಟಣದಲ್ಲಿ ೨೨ ಮಂದಿ ವಿಶ್ವವಿದ್ಯಾಲಯ ಮುಖ್ಯಸ್ಥರು ಸೇರಿ ಹತ್ತು ಅಂಶಗಳ ಘೋಷಣೆಯೊಂದನ್ನು ಹೊರಡಿಸಿದರು. ಪಾಠದಲ್ಲಿಯೂ ಸಂಶೋಧನೆಯಲ್ಲಿಯೂ ಮಾತ್ರವಲ್ಲದೆ ಸಂಸ್ಥೆಯ ದೈನಂದಿನ ನಿರ್ವಹಣೆಯಲ್ಲಿಯೂ ಪರಿಸರ ಸಂರಕ್ಷಣೆಯನ್ನು ಆಚರಿಸತಕ್ಕದ್ದೆಂಬುದು ಅದರ ಮುಖ್ಯ ಸಂಕಲ್ಪ. ಆ ಪತ್ರಕ್ಕೆ ಇದುವರೆಗೆ ನಾನಾ ದೇಶಗಳ ಐನೂರಕ್ಕೂ ಹೆಚ್ಚು ಸಂಸ್ಥೆಗಳು ರುಜು ಹಾಕಿವೆ.

ನಮ್ಮ ದೇಶದಲ್ಲಿ ಮೊದಲ ಹೆಜ್ಜೆಯನ್ನು ಇರಿಸಿದ್ದು ನ್ಯಾಯಸ್ಥಾನ. ೧೯೯೧ರಲ್ಲಿ ಎಂ. ಸಿ. ಮೆಹತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರವನ್ನು ಕಡ್ಡಾಯ ಪಾಠವಾಗಿ ಬೋಧಿಸಬೇಕೆಂದು ಆದೇಶವಿತ್ತಿತು. ಆದೇಶವು ಆಚರಣೆಗೆ ಬರಲು ಹನ್ನೆರಡು ವರ್ಷಗಳು ಹಿಡಿದವು. ಮತ್ತೆ ಮತ್ತೆ ನ್ಯಾಯಾಲಯದ ಎಚ್ಚರಿಕೆಯಾದ ಮೇಲೆ, ೨೦೦೩ರ ಸುಮಾರಿಗೆ, ವಿಶ್ವವಿದ್ಯಾಲಯ ಅನುದಾನ ಆಯೋಗವು ಪದವಿ ತರಗತಿಗಳಿಗೆ ಆರು ತಿಂಗಳ ಪಠ್ಯಕ್ರಮವನ್ನು ಸಿದ್ಧಪಡಿಸಿ ಜಾರಿಗೆ ತಂದಿತು. ಆ ವರ್ಷದಿಂದ ಲಕ್ಷಾಂತರ ವಿದ್ಯಾರ್ಥಿಗಳು ಜಲಮಾಲಿನ್ಯದ ಕಾರಣಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದಾರೆ. ಅವರು ಉತ್ತರ ಬರೆಯುತ್ತಿದ್ದ ಕೊಠಡಿಯ ಹಿಂದೆ ಹರಿಯುವ ಕೊಳಚೆ ನೀರು ಎಲ್ಲಿಗೆ ಹೋಗಿ ಸೇರುತ್ತದೆಂದು ಪ್ರಶ್ನಪತ್ರಿಕೆಯು ಎಂದೂ ಕೇಳಲಿಲ್ಲ. ಆಚಾರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯವಾಯಿತು.

ಎರಡನೆಯ ಹೆಜ್ಜೆಯು ಮೌಲ್ಯಮಾಪನದ ಮೂಲಕ ಬಂದಿತು. ೧೯೯೪ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ಕಾರ್ಯಸ್ಥಾನವನ್ನು ಹೊಂದಿರುವ ರಾಷ್ಟ್ರೀಯ ಮೌಲ್ಯಾಂಕನ ಹಾಗೂ ಮಾನ್ಯತಾ ಪರಿಷತ್ತು, ಅಂದರೆ ಎಲ್ಲರ ಬಾಯಲ್ಲಿ 'ನ್ಯಾಕ್' ಎಂದು ಪ್ರಸಿದ್ಧವಾಗಿರುವ ಸಂಸ್ಥೆಯು, ತನ್ನ ಏಳನೆಯ ಮಾನದಂಡದಲ್ಲಿ ಮಳೆನೀರು ಸಂಗ್ರಹ, ಸೌರಶಕ್ತಿ, ಕಸದ ವಿಲೇವಾರಿ, ಹಸಿರು ಆವರಣ, ಶಕ್ತಿಯ ಲೆಕ್ಕತಪಾಸಣೆ ಮೊದಲಾದುವುಗಳನ್ನು ಸೇರಿಸಿತು. ೨೦೧೯ರಲ್ಲಿ ಅನುದಾನ ಆಯೋಗವು 'ಸತತ್' ಎಂಬ ಹೆಸರಿನಿಂದ ಪರಿಸರಸ್ನೇಹಿ ಆವರಣಗಳಿಗೆ ಒಂದು ಚೌಕಟ್ಟನ್ನು ಪ್ರಕಟಿಸಿತು. ೨೦೨೧ರಲ್ಲಿ ಗ್ಲಾಸ್ಗೊ ಪರಿಷತ್ತಿನಲ್ಲಿ ಭಾರತವು ೨೦೭೦ರೊಳಗೆ ತನ್ನ ನಿವ್ವಳ ಇಂಗಾಲದ ಹೊರೆಯನ್ನು ಶೂನ್ಯಕ್ಕೆ ಇಳಿಸುವುದಾಗಿ ಜಗತ್ತಿನ ಮುಂದೆ ವಚನವಿತ್ತಿತು. ಹೀಗೆ ಮೇಲಿನಿಂದ ಆದೇಶಗಳಿಗೆ ಕೊರತೆಯಿಲ್ಲ.

ಫಲವೇನಾಯಿತು? ಮಾನ್ಯತೆಗೆ ಅಂಕಗಳು ಬೇಕು. ಅಂಕಗಳಿಗೆ ಕಾಗದಪತ್ರ ಬೇಕು. ಆದುದರಿಂದ ಕಾಗದಪತ್ರಗಳು ಹುಟ್ಟಿಕೊಂಡವು. ತಪಾಸಣಾ ಮಂಡಳಿಯ ಭೇಟಿಗೆ ಮುಂಚೆ ಸಸಿಗಳನ್ನು ನೆಡುವುದು, ಕಸದ ತೊಟ್ಟಿಗಳಿಗೆ ಹಸಿರು ನೀಲಿ ಬಣ್ಣ ಬಳಿಯುವುದು, ಛಾಯಾಚಿತ್ರ ತೆಗೆಸಿ ಕಡತಕ್ಕೆ ಸೇರಿಸುವುದು ಎಷ್ಟೋ ಕಡೆ ವಾಡಿಕೆಯಾಗಿದೆ. ಭೇಟಿ ಮುಗಿದ ಬಳಿಕ ಸಸಿಗೆ ನೀರು ಹಾಕುವವರಾರು, ಎರಡು ತೊಟ್ಟಿಗಳಲ್ಲಿ ಬೇರ್ಪಡಿಸಿದ ಕಸವನ್ನು ಒಂದೇ ಗಾಡಿಗೆ ಸುರಿಯುವವರಾರು ಎಂಬುದನ್ನು ನೋಡಲು ಯಾವ ಮಂಡಳಿಯೂ ಇರುವುದಿಲ್ಲ. ಇದಕ್ಕೆ ಅಪವಾದವಾಗಿ ಶ್ರದ್ಧೆಯಿಂದ ದುಡಿಯುವ ಅಧ್ಯಾಪಕರೂ ಅಧಿಕಾರಿಗಳೂ ಉಂಟೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಆದರೆ ಒಬ್ಬಿಬ್ಬರ ಶ್ರದ್ಧೆಯ ಮೇಲೆ ನಿಂತ ಕಾರ್ಯವು ಅವರ ವರ್ಗಾವಣೆ ಅಥವಾ ನಿವೃತ್ತಿಯೊಡನೆ ಬಿದ್ದುಹೋಗುವುದು ಸಹಜ. ನೀತಿಯೆಂಬುದು ಬೇಕಾಗಿರುವುದು ಈ ಕಾರಣಕ್ಕಾಗಿಯೇ.

ವಿಶ್ವವಿದ್ಯಾಲಯವೆಂದರೆ ಪಾಠದ ಮನೆ ಮಾತ್ರವಲ್ಲ, ಅದೊಂದು ಊರು ಎಂಬುದನ್ನು ಮೊದಲು ಗ್ರಹಿಸಬೇಕು. ಅದಕ್ಕೆ ಬೀದಿಗಳಿವೆ, ವಸತಿಗಳಿವೆ, ಅಡಿಗೆಮನೆಗಳಿವೆ, ಪ್ರಯೋಗಶಾಲೆಗಳಿವೆ, ವಾಹನಗಳಿವೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯ ಆವರಣವು ಸಾವಿರ ಎಕರೆಗೂ ಮೀರಿದ್ದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯ ಇವೂ ನೂರಾರು ಎಕರೆ ಭೂಮಿಯ ಒಡೆತನವುಳ್ಳವು. ಒಂದು ಪುರಸಭೆಗೆ ಇರುವ ಜವಾಬ್ದಾರಿಗಳೆಲ್ಲ ಇವುಗಳ ಮೇಲಿವೆ. ಆದರೆ ಪುರಸಭೆಗೆ ಇರುವ ಮತದಾರರು ಇವುಗಳಿಗಿಲ್ಲ. ಆದುದರಿಂದ ತಪ್ಪನ್ನು ಎತ್ತಿ ತೋರಿಸುವವರು ಕಡಮೆ.

ಮೈಸೂರಿನ ಉದಾಹರಣೆಯನ್ನು ತೆಗೆದುಕೊಳ್ಳೋಣ. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯವು ಕನ್ನಡ ನಾಡಿನ ಮೊದಲನೆಯ ವಿಶ್ವವಿದ್ಯಾಲಯ. ಕುವೆಂಪು ಅವರು ಕುಲಪತಿಗಳಾಗಿದ್ದಾಗ ರೂಪುಗೊಂಡು ಅವರಿಂದಲೇ ಹೆಸರನ್ನು ಪಡೆದ ಮಾನಸಗಂಗೋತ್ರಿಯ ಮಗ್ಗುಲಲ್ಲಿಯೇ ಕುಕ್ಕರಹಳ್ಳಿಯ ಕೆರೆಯಿದೆ. ೧೯ನೆಯ ಶತಮಾನದಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಜನರಿಗೆ ನೀರೊದಗಿಸಲು ಕಟ್ಟಿಸಿದ ಕೆರೆ ಅದು. ಇಂದು ಅದರ ಪಾಲನೆಯು ವಿಶ್ವವಿದ್ಯಾಲಯದ ಕೈಯಲ್ಲಿದೆ. ಪಕ್ಷಿಗಳು ಬಂದಿಳಿಯುವ, ಪುರಜನರು ಬೆಳಗು ಬೈಗು ತಿರುಗಾಡುವ ಈ ಕೆರೆಗೆ ಮೇಲ್ಭಾಗದ ಬಡಾವಣೆಗಳು ಬೆಳೆದಂತೆ ಕೊಳಚೆ ನೀರು ಹರಿದುಬಂದು ದಶಕಗಳ ಕಾಲ ಕಾಡಿತು. ಪರಿಸರ ವಿಜ್ಞಾನದ ಅಧ್ಯಯನಕ್ಕೆ ಆ ಕೆರೆಯ ನೀರಿನ ಮಾದರಿಗಳು ಬಹಳ ಒದಗಿವೆ. ಆದರೆ ಅಧ್ಯಯನದಿಂದ ಕೆರೆಯು ಶುದ್ಧವಾಗುವುದಿಲ್ಲ. ಕೆರೆಯನ್ನು ಉಳಿಸಬೇಕಾದರೆ ಅದಕ್ಕೆ ನೀರು ತರುವ ಕಾಲುವೆಯನ್ನು ಉಳಿಸಬೇಕು; ಕಾಲುವೆಯು ವಿಶ್ವವಿದ್ಯಾಲಯದ ಬೇಲಿಯ ಹೊರಗಿದೆ; ಬೇಲಿಯ ಹೊರಗಿನ ಭೂಮಿಯು ನಗರಾಡಳಿತದ್ದು. ಆವರಣದೊಳಗಿನ ಠರಾವು ಬೇಲಿಯನ್ನು ದಾಟಲಾರದು. ನಗರದೊಡನೆ ಲಿಖಿತವಾದ ಒಪ್ಪಂದವಿಲ್ಲದ ಸುಸ್ಥಿರತೆಯ ನೀತಿಯು ಅರ್ಧ ನೀತಿಯೆಂಬ ಪಾಠವನ್ನು ಈ ಕೆರೆಯು ನಮಗೆ ಕಲಿಸುತ್ತದೆ.

ಇನ್ನು ಹೊರದೇಶದ ಒಂದು ದೃಷ್ಟಾಂತವನ್ನು ನೋಡೋಣ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಹತ್ತು ಆವರಣಗಳುಳ್ಳ ಸಾರ್ವಜನಿಕ ಸಂಸ್ಥೆ. ವಿದ್ಯಾರ್ಥಿಗಳು ನಡೆಸಿದ ಚಳವಳಿಯ ಫಲವಾಗಿ ೨೦೦೩ರಲ್ಲಿ ಅದರ ಆಡಳಿತ ಮಂಡಳಿಯು ಹಸಿರು ಕಟ್ಟಡ ಮತ್ತು ಶುದ್ಧ ಶಕ್ತಿಯ ಧೋರಣೆಯನ್ನು ಒಪ್ಪಿಕೊಂಡಿತು. ಆರಂಭದಲ್ಲಿ ಕಟ್ಟಡ ಮತ್ತು ವಿದ್ಯುತ್ತಿಗೆ ಸೀಮಿತವಾಗಿದ್ದ ನೀತಿಯು ಕ್ರಮೇಣ ನೀರು, ಕಸ, ಆಹಾರ, ಖರೀದಿ, ಸಂಚಾರ ಇವುಗಳಿಗೂ ವಿಸ್ತರಿಸಿತು. ಪ್ರತಿವರ್ಷವೂ ಗುರಿಯೆಷ್ಟು, ಸಾಧನೆಯೆಷ್ಟು ಎಂಬ ವರದಿಯನ್ನು ಆಡಳಿತ ಮಂಡಳಿಯ ಮುಂದಿಡುವ ಪದ್ಧತಿಯು ಬೆಳೆಯಿತು. ೨೦೧೩ರಲ್ಲಿ ಅದರ ಅಧ್ಯಕ್ಷೆ ಜಾನೆಟ್ ನಪೊಲಿಟಾನೊ ಅವರು ೨೦೨೫ರ ಹೊತ್ತಿಗೆ ಸಂಸ್ಥೆಯು ತನ್ನ ಕಟ್ಟಡ ಮತ್ತು ವಾಹನಗಳ ಇಂಗಾಲದ ಹೊರೆಯನ್ನು ಶೂನ್ಯಕ್ಕೆ ಸಮಗೊಳಿಸುವುದೆಂದು ಘೋಷಿಸಿದರು.

ಮುಂದೆ ನಡೆದ ಸಂಗತಿಯೇ ನಮ್ಮವರು ಗಮನಿಸತಕ್ಕದ್ದು. ಆ ಗುರಿಯನ್ನು ಮುಟ್ಟಲು ಎರಡು ದಾರಿಗಳಿದ್ದವು. ಒಂದು, ಸ್ವಂತ ಹೊಗೆಯನ್ನು ಕಡಮೆ ಮಾಡುವುದು. ಇನ್ನೊಂದು, ಬೇರೆಲ್ಲಿಯೋ ನಡೆಯುವ ಅರಣ್ಯರಕ್ಷಣೆ ಮೊದಲಾದ ಕಾರ್ಯಗಳಿಗೆ ಹಣ ತೆತ್ತು ಅದರ ಪುಣ್ಯವನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳುವುದು. ಹಲವು ಆವರಣಗಳಲ್ಲಿ ವಿದ್ಯುತ್ತು ಮತ್ತು ಶಾಖವನ್ನು ಒದಗಿಸುತ್ತಿದ್ದುದು ನೈಸರ್ಗಿಕ ಅನಿಲವನ್ನು ಉರಿಸುವ ದೊಡ್ಡ ಯಂತ್ರಾಗಾರಗಳು. ಅವನ್ನು ಬದಲಿಸುವುದು ಅಪಾರ ವೆಚ್ಚದ ಕೆಲಸ. ಎರಡನೆಯ ದಾರಿಯು ಅಗ್ಗವಾಗಿಯೂ ಸುಲಭವಾಗಿಯೂ ಕಂಡಿತು. ಆದರೆ ಇಂಥ ಕೊಂಡ ಪುಣ್ಯವು ವಾಸ್ತವವಾಗಿ ಹೊಗೆಯನ್ನು ಎಷ್ಟು ಕುಗ್ಗಿಸುತ್ತದೆಂಬ ಪ್ರಶ್ನೆಯನ್ನು ಅಲ್ಲಿಯ ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಬಲವಾಗಿ ಎತ್ತಿದರು. ಕೊನೆಗೆ ೨೦೨೩ರಲ್ಲಿ ವಿಶ್ವವಿದ್ಯಾಲಯವು ತನ್ನ ನೀತಿಯನ್ನು ತಿದ್ದಿತು. ಪುಣ್ಯವನ್ನು ಕೊಳ್ಳುವುದಕ್ಕಿಂತ ಸ್ವಂತ ಹೊಗೆಯನ್ನು ತಗ್ಗಿಸುವುದಕ್ಕೇ ಪ್ರಾಶಸ್ತ್ಯವೆಂದೂ, ೨೦೧೯ರ ಪ್ರಮಾಣದಿಂದ ೨೦೪೫ರೊಳಗೆ ನೂರಕ್ಕೆ ತೊಂಬತ್ತರಷ್ಟನ್ನು ಇಳಿಸುವುದೆಂದೂ ನಿರ್ಧರಿಸಿತು.

ಹಣವಂತ ದೇಶದ ಹಣವಂತ ಸಂಸ್ಥೆಯೂ ಹತ್ತು ವರ್ಷಗಳ ಹಿಂದೆ ಸಾರಿದ ಗುರಿಯನ್ನು ಹಾಗೆಯೇ ಮುಟ್ಟಲಾಗಲಿಲ್ಲವೆಂದು ಹಾಸ್ಯ ಮಾಡುವವರು ಮಾಡಲಿ. ನಮಗೆ ಇದರಲ್ಲಿ ಕಾಣುವುದು ಬೇರೆ. ಅಲ್ಲಿ ಪ್ರತಿವರ್ಷದ ಅಂಕಿಗಳು ಬಹಿರಂಗವಾಗಿದ್ದವು. ಆದುದರಿಂದಲೇ ಗುರಿಯು ಸತ್ಯವೋ ಸೋಗೋ ಎಂಬ ಚರ್ಚೆಯು ಸಾಧ್ಯವಾಯಿತು. ಚರ್ಚೆಯಿಂದ ನೀತಿಯು ತಿದ್ದಿತು. ಅಂಕಿಗಳೇ ಇಲ್ಲದ ಕಡೆ ಸೋಲೂ ಇಲ್ಲ, ಗೆಲುವೂ ಇಲ್ಲ. ಇರುವುದು ಛಾಯಾಚಿತ್ರ ಮಾತ್ರ.

ಈ ವಿಷಯದಲ್ಲಿ ಹೊರಗಿನವರಿಂದ ಮಾತ್ರ ಕಲಿಯಬೇಕಾದ ದೈನ್ಯವು ಕರ್ನಾಟಕಕ್ಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿಯೇ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರವು ಹುಟ್ಟಿತು. ಹಳ್ಳಿಯ ಜನರಿಗೆ ಸಲ್ಲುವ ವಿಜ್ಞಾನವನ್ನು ರೂಪಿಸುವುದು ಅದರ ಧ್ಯೇಯವಾಗಿತ್ತು. ಸೌದೆಯನ್ನು ಉಳಿಸುವ ಅಸ್ತ್ರ ಒಲೆ, ಸುಡದೆಯೇ ಗಟ್ಟಿಗೊಳಿಸಿದ ಮಣ್ಣಿನ ಇಟ್ಟಿಗೆ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ೧೯೮೭ರಿಂದ ಸಗಣಿಯ ಅನಿಲದಿಂದ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದ ಪ್ರಯೋಗ, ಇವೆಲ್ಲ ಆ ಕೇಂದ್ರದ ಕೊಡುಗೆಗಳು. ಇದೇ ಸಂಸ್ಥೆಯಲ್ಲಿ ೧೯೮೩ರಲ್ಲಿ ಮಾಧವ ಗಾಡ್ಗೀಳರು ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದರು. ಸುಸ್ಥಿರತೆಯೆಂಬ ಮಾತು ಜಗತ್ತಿನಲ್ಲಿ ಪ್ರಚಾರಕ್ಕೆ ಬರುವುದಕ್ಕೆ ಮುಂಚೆಯೇ ನಮ್ಮ ನಾಡಿನ ವಿದ್ವಾಂಸರು ಅದರ ಕೆಲಸಕ್ಕೆ ಕೈಹಚ್ಚಿದ್ದರು. ನಮ್ಮಲ್ಲಿ ಕೊರತೆಯಿರುವುದು ವಿದ್ಯೆಗಲ್ಲ. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ನೀರಿನ ಶಾಸ್ತ್ರವನ್ನು ಬಲ್ಲ ಪ್ರಾಧ್ಯಾಪಕನಿಗೂ ನೀರಿನ ಕೊಳಾಯಿಯನ್ನು ನೋಡಿಕೊಳ್ಳುವ ಇಂಜಿನಿಯರ್ ಶಾಖೆಗೂ ಮಾತುಕತೆಯೇ ಇರುವುದಿಲ್ಲ. ವಿಭಾಗವು ಬೇರೆ, ಕಚೇರಿಯು ಬೇರೆ. ಇಬ್ಬರ ನಡುವೆ ಓಡಾಡುವುದು ಟಿಪ್ಪಣಿಯ ಕಾಗದ ಮಾತ್ರ.

"ಪಿಂಚಣಿ ಕೊಡಲು ಹಣವಿಲ್ಲ, ಖಾಲಿ ಬಿದ್ದ ಅಧ್ಯಾಪಕ ಹುದ್ದೆಗಳನ್ನು ತುಂಬಲು ಹಣವಿಲ್ಲ, ಇಂಥ ಹೊತ್ತಿನಲ್ಲಿ ಈ ಹೊಸ ವೆಚ್ಚವೇತಕ್ಕೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆಯು ನ್ಯಾಯವಾದದ್ದು. ರಾಜ್ಯದ ವಿಶ್ವವಿದ್ಯಾಲಯಗಳ ಹಣದ ಮುಗ್ಗಟ್ಟು ಎಷ್ಟರಮಟ್ಟಿಗೆ ಹೋಗಿದೆಯೆಂದರೆ, ೨೦೨೫ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಹೊಸದಾಗಿ ಸ್ಥಾಪಿಸಿದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತನ್ನೇ ಆಡಿತು. ಆದುದರಿಂದ ಭಾವನೆಯನ್ನು ಬದಿಗಿಟ್ಟು ಲೆಕ್ಕವನ್ನೇ ಮಾಡಿ ನೋಡೋಣ.

ಒಂದು ಆವರಣದಲ್ಲಿ ೧,೦೦೦ ಛಾವಣಿಯ ಪಂಖಗಳಿವೆಯೆಂದು ಇಟ್ಟುಕೊಳ್ಳೋಣ. ಹಳೆಯ ಬಗೆಯ ಪಂಖವು ಸುಮಾರು ೭೫ ವಾಟ್ ವಿದ್ಯುತ್ತನ್ನು ನುಂಗಿದರೆ ಹೊಸ ಬಗೆಯದು ೩೦ ವಾಟ್‌ಗಳಲ್ಲಿ ಅದೇ ಗಾಳಿಯನ್ನು ಬೀಸುತ್ತದೆ. ದಿನಕ್ಕೆ ೮ ತಾಸು, ವರ್ಷಕ್ಕೆ ೨೦೦ ದಿನ ತಿರುಗಿದರೆ ಉಳಿತಾಯವು ೭೨,೦೦೦ ಯೂನಿಟ್. ಒಂದು ಯೂನಿಟ್ಟಿಗೆ ೭ ರೂಪಾಯಿ ಹಿಡಿದರೂ ವರ್ಷಕ್ಕೆ ೫ ಲಕ್ಷ ರೂಪಾಯಿಗೆ ಮೇಲಾಯಿತು. ಹೊಸ ಪಂಖಕ್ಕೆ ತಲಾ ೧,೫೦೦ ರೂಪಾಯಿ ಹೆಚ್ಚು ಬೆಲೆ ಕೊಟ್ಟರೂ ಮೂರು ವರ್ಷಗಳಲ್ಲಿ ಆ ಹಣವು ಮರಳಿ ಬೊಕ್ಕಸಕ್ಕೆ ಬರುವುದು, ಅನಂತರದ್ದೆಲ್ಲ ಲಾಭ. ಕಲ್ಲಿದ್ದಲಿನ ಪಾಲು ಹೆಚ್ಚಾಗಿರುವ ನಮ್ಮ ವಿದ್ಯುತ್ ಜಾಲದಲ್ಲಿ ಯೂನಿಟ್ಟಿಗೆ ಸುಮಾರು ೭೦೦ ಗ್ರಾಂ ಇಂಗಾಲದ ಅನಿಲವು ಹೊರಬೀಳುತ್ತದೆ. ಆ ಲೆಕ್ಕದಲ್ಲಿ ಪಂಖಗಳೊಂದರಿಂದಲೇ ವರ್ಷಕ್ಕೆ ೫೦ ಟನ್ ಹೊಗೆಯು ಕಡಮೆಯಾಯಿತು.

ನೀರಿನ ಲೆಕ್ಕವು ಇನ್ನೂ ಕಣ್ಣು ತೆರೆಸುವಂಥದು. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ೧೦,೦೦೦ ಚದರ ಮೀಟರ್ ಮಾಳಿಗೆಯಿರುವ ಆವರಣದಲ್ಲಿ ಮೈಸೂರಿನಂತೆ ವರ್ಷಕ್ಕೆ ಸುಮಾರು ೮೦೦ ಮಿಲಿಮೀಟರ್ ಮಳೆಯಾದರೆ ೮೦ ಲಕ್ಷ ಲೀಟರ್ ಆಯಿತು. ಐದರಲ್ಲೊಂದು ಪಾಲು ಪೋಲಾಗಲಿ. ೬೪ ಲಕ್ಷ ಲೀಟರ್ ಉಳಿಯಿತು. ಒಬ್ಬನಿಗೆ ದಿನಕ್ಕೆ ೧೩೫ ಲೀಟರ್‌ನಂತೆ ಸಾವಿರ ವಿದ್ಯಾರ್ಥಿಗಳ ವಸತಿಗೃಹಕ್ಕೆ ಇದು ೪೭ ದಿನಗಳ ನೀರು. ೨೦೨೩ರ ಮುಂಗಾರು ಕೈಕೊಟ್ಟು ರಾಜ್ಯದ ೨೦೦ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುದನ್ನೂ, ೨೦೨೪ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿ ಜನರು ಟ್ಯಾಂಕರುಗಳ ಹಿಂದೆ ಓಡಿದುದನ್ನೂ ಕಂಡವರಿಗೆ ೪೭ ದಿನಗಳ ನೀರಿನ ಬೆಲೆಯನ್ನು ಹೇಳಬೇಕಾಗಿಲ್ಲ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ಹಾಗಾದರೆ ಇಷ್ಟು ಲಾಭದ ಕೆಲಸವು ಏಕೆ ನಡೆಯುವುದಿಲ್ಲ? ಕಾರಣವು ಜನರ ಅಜ್ಞಾನದಲ್ಲಿಲ್ಲ, ಆಡಳಿತದ ಕಟ್ಟಳೆಯಲ್ಲಿದೆ. ಪಂಖವನ್ನು ಕೊಳ್ಳುವ ಶಾಖೆಯು ವಿದ್ಯುತ್ತಿನ ಬಿಲ್ಲನ್ನು ತೆರುವುದಿಲ್ಲ. ಬಿಲ್ಲನ್ನು ತೆರುವ ಹಣಕಾಸು ಶಾಖೆಯು ಪಂಖವನ್ನು ಆರಿಸುವುದಿಲ್ಲ. ವಸತಿಗೃಹಕ್ಕೆ ಪ್ರತ್ಯೇಕ ಮೀಟರ್ ಇಲ್ಲದಿದ್ದರೆ ಉಳಿಸಿದವನಾರು, ಪೋಲು ಮಾಡಿದವನಾರು ಎಂಬುದು ತಿಳಿಯುವ ಬಗೆಯೇ ಇಲ್ಲ. ಕಡಮೆ ಬೆಲೆಯ ಟೆಂಡರನ್ನೇ ಒಪ್ಪಬೇಕೆಂಬ ಭಯವು ಅಧಿಕಾರಿಗಳಲ್ಲಿ ಬೇರೂರಿದೆ. ಆದರೆ ಕರ್ನಾಟಕದ ೧೯೯೯ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮವು ಕಣ್ಣುಮುಚ್ಚಿ ಅಗ್ಗವಾದುದನ್ನು ಕೊಳ್ಳಿರೆಂದು ವಿಧಿಸುವುದಿಲ್ಲ. ಅಳತೆಗೆ ಸಿಕ್ಕುವ ಮಾನದಂಡಗಳನ್ನು ಟೆಂಡರ್ ಪತ್ರದಲ್ಲಿ ಮೊದಲೇ ಸ್ಪಷ್ಟವಾಗಿ ಬರೆದು ಅದರಂತೆ ತೂಗಿ ನೋಡಲು ಅದರಲ್ಲಿ ಅವಕಾಶವಿದೆ. ಪದಾರ್ಥದ ಕೊಳ್ಳುವ ಬೆಲೆಯ ಜೊತೆಗೆ ಹತ್ತು ವರ್ಷ ಬಳಸುವ ವೆಚ್ಚವನ್ನೂ ಮಾನದಂಡದಲ್ಲಿ ಸೇರಿಸುವ ಧೈರ್ಯವು ಬೇಕು. ಆ ಧೈರ್ಯವನ್ನು ಕೊಡುವುದೇ ನೀತಿಯ ಕೆಲಸ.

ಎರಡನೆಯ ತೊಡಕು ಕಾಲದ್ದು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ೨೦೦೦ದ ಅಧಿನಿಯಮದಂತೆ ಕುಲಪತಿಯ ಅಧಿಕಾರಾವಧಿಯು ನಾಲ್ಕು ವರ್ಷ. ಸುಸ್ಥಿರತೆಯ ಗುರಿಗಳಾದರೋ ಇಪ್ಪತ್ತು ಮೂವತ್ತು ವರ್ಷಗಳವು. ಒಬ್ಬರು ನೆಟ್ಟ ಗಿಡವನ್ನು ಇನ್ನೊಬ್ಬರು ಕಟ್ಟಡಕ್ಕಾಗಿ ಕಡಿಯುವುದು, ಒಬ್ಬರು ಆರಂಭಿಸಿದ ಗೊಬ್ಬರದ ಗುಂಡಿಯನ್ನು ಇನ್ನೊಬ್ಬರು ಮುಚ್ಚುವುದು ಈ ಕಾರಣದಿಂದಲೇ. ಆದುದರಿಂದ ನೀತಿಯು ಕುಲಪತಿಗಳ ಸುತ್ತೋಲೆಯಾಗಿ ಹೊರಡತಕ್ಕದ್ದಲ್ಲ. ಸಿಂಡಿಕೇಟಿನಲ್ಲಿ ಚರ್ಚೆಗೆ ಬಂದು, ಅದರ ಮುಂದೆಯೇ ಹೊರತು ತಿದ್ದಲಾಗದಂತೆ, ಸಾಧ್ಯವಾದರೆ ಪರಿನಿಯಮದ ರೂಪದಲ್ಲಿ ಸ್ಥಿರಪಡತಕ್ಕದ್ದು.

ಮೂರನೆಯ ಆಕ್ಷೇಪವೊಂದುಂಟು, ಅದು ದೇಶಾಭಿಮಾನದ ಧ್ವನಿಯಲ್ಲಿ ಬರುತ್ತದೆ. ಶತಮಾನಗಳ ಕಾಲ ಹೊಗೆಯುಗುಳಿ ಶ್ರೀಮಂತವಾದ ದೇಶಗಳು ಮೊದಲು ತಮ್ಮ ಹೊಗೆಯನ್ನು ಕಡಮೆ ಮಾಡಲಿ. ಒಬ್ಬ ಭಾರತೀಯನ ಪಾಲಿನ ಇಂಗಾಲವು ವರ್ಷಕ್ಕೆ ಸುಮಾರು ೨ ಟನ್, ಅಮೆರಿಕದವನದು ಅದರ ಆರೇಳು ಪಟ್ಟು. ಹೀಗಿರುವಾಗ ಹಳ್ಳಿಯಿಂದ ಬಂದ ಬಡ ವಿದ್ಯಾರ್ಥಿಗೆ ಮಿತವ್ಯಯವನ್ನು ಉಪದೇಶಿಸುವುದು ಅನ್ಯಾಯವಲ್ಲವೇ? ಜಗತ್ತಿನ ಸಭೆಗಳಲ್ಲಿ ಈ ವಾದವನ್ನು ನಮ್ಮ ದೇಶವು ಎತ್ತಿದುದು ಯುಕ್ತವೇ ಆಗಿದೆ, ಎತ್ತುತ್ತಲೂ ಇರಬೇಕು. ಆದರೆ ಇದೇ ವಾದವನ್ನು ಆವರಣದೊಳಕ್ಕೂ ತಂದು ನೋಡಬೇಕು. ಒಂದು ಕೋಣೆಯಲ್ಲಿ ಹಲವರು ಮಲಗುವ ವಸತಿಗೃಹದ ಖರ್ಚೆಷ್ಟು, ಹಗಲಿರುಳೂ ತಂಪು ಯಂತ್ರ ನಡೆಯುವ ಆಡಳಿತ ಭವನದ ಖರ್ಚೆಷ್ಟು? ನಡೆದು ಬರುವ ವಿದ್ಯಾರ್ಥಿಯ ಹೊಗೆಯೆಷ್ಟು, ಒಬ್ಬೊಬ್ಬರಾಗಿ ಕಾರುಗಳಲ್ಲಿ ಬರುವವರ ಹೊಗೆಯೆಷ್ಟು? ದೇಶಗಳ ನಡುವೆ ನಾವು ಕೇಳುವ ನ್ಯಾಯವನ್ನು ಆವರಣದಲ್ಲಿ ನಾವೇ ಕೊಡದಿದ್ದರೆ ನಮ್ಮ ವಾದಕ್ಕೆ ಬಲವೆಲ್ಲಿಯದು? ಕಡಮೆ ಬಳಸುವವರ ಮೇಲೆ ನಿರ್ಬಂಧವನ್ನು ಹೇರಿ ಹೆಚ್ಚು ಬಳಸುವವರನ್ನು ಬಿಟ್ಟುಬಿಡುವ ನೀತಿಯನ್ನು ವಿದ್ಯಾರ್ಥಿಗಳು ಗೌರವಿಸುವುದಿಲ್ಲ, ಗೌರವಿಸಬೇಕಾಗಿಯೂ ಇಲ್ಲ.

ದುಡಿಯುವ ಕೈಗಳನ್ನೂ ಮರೆಯಲಾಗದು. ಕಸವನ್ನು ಬೇರ್ಪಡಿಸಬೇಕೆಂದು ೨೦೧೬ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ದಿನಕ್ಕೆ ೧೦೦ ಕಿಲೋ ಮೀರಿ ಕಸವನ್ನು ಹೊರಹಾಕುವ ಸಂಸ್ಥೆಗಳ ಮೇಲೆ ವಿಶೇಷ ಹೊಣೆಯನ್ನೂ ಹೊರಿಸಿದವು. ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಬಗೆಯ ಪ್ಲಾಸ್ಟಿಕ್ ಪದಾರ್ಥಗಳು ದೇಶದಲ್ಲೆಲ್ಲ ನಿಷಿದ್ಧವಾದವು. ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಬೇರ್ಪಡಿಸದೆ ಎಸೆದುದನ್ನು ಬರಿಗೈಯಿಂದ ಬೇರ್ಪಡಿಸುವವರು ಗುತ್ತಿಗೆಯ ಪೌರಕಾರ್ಮಿಕರು. ಒಳಚರಂಡಿಯ ಗುಂಡಿಗೆ ಮನುಷ್ಯನನ್ನು ರಕ್ಷಣೆಯಿಲ್ಲದೆ ಇಳಿಸುವುದನ್ನು ೨೦೧೩ರ ಕಾಯಿದೆಯು ಅಪರಾಧವೆಂದು ಸಾರಿದೆ. ಆವರಣದ ಕೊಳಚೆಯನ್ನು ಶುದ್ಧೀಕರಿಸುವ ಯಂತ್ರಾಗಾರವನ್ನು ಕಟ್ಟಿ, ಅದನ್ನು ನಡೆಸುವವನಿಗೆ ಕೈಚೀಲವನ್ನೂ ಖಾಯಂ ಸಂಬಳವನ್ನೂ ಕೊಡದ ವಿಶ್ವವಿದ್ಯಾಲಯವು ಸುಸ್ಥಿರವೆಂದು ಹೇಳಿಕೊಳ್ಳಲು ಅರ್ಹವಲ್ಲ.

ಬಿಹಾರದ ರಾಜಗೀರಿನಲ್ಲಿ ೨೦೨೪ರ ಜೂನ್ ತಿಂಗಳಲ್ಲಿ ಉದ್ಘಾಟಿತವಾದ ನಾಲಂದಾ ವಿಶ್ವವಿದ್ಯಾಲಯದ ಹೊಸ ಆವರಣವನ್ನು ಶಕ್ತಿ, ನೀರು, ಕಸ ಇವುಗಳಲ್ಲಿ ಸ್ವಯಂಪೂರ್ಣತೆಯ ಗುರಿಯಿಂದ ಕಟ್ಟಲಾಗಿದೆ. ಬರಿಯ ಬಯಲಿನ ಮೇಲೆ ಹೊಸದಾಗಿ ಕಟ್ಟುವವರಿಗೆ ಇಂಥ ಅನುಕೂಲವುಂಟು. ನಮ್ಮ ವಿಶ್ವವಿದ್ಯಾಲಯಗಳ ಪಾಲಿಗಿರುವುದು ಸೋರುವ ಕೊಳಾಯಿ, ಹಳೆಯ ತಂತಿ, ದಶಕಗಳ ಹಿಂದಿನ ಕಟ್ಟಡ. ಆದುದರಿಂದ ನಮ್ಮ ನೀತಿಯು ಭವ್ಯವಾದ ಕಟ್ಟಡದಿಂದಲ್ಲ, ಮೀಟರಿನಿಂದ ಆರಂಭವಾಗಬೇಕು.

ನಮ್ಮ ಅಭಿಪ್ರಾಯದಲ್ಲಿ ಇಂಥ ನೀತಿಯಲ್ಲಿ ಐದು ಅಂಶಗಳು ಅವಶ್ಯವಾಗಿ ಇರತಕ್ಕದ್ದು. ಮೊದಲನೆಯದು, ಆಧಾರ ವರ್ಷದ ಲೆಕ್ಕ: ಪ್ರತಿಯೊಂದು ಕಟ್ಟಡಕ್ಕೂ ಮೀಟರನ್ನು ಜೋಡಿಸಿ ವಿದ್ಯುತ್ತು, ನೀರು, ಕಸ, ಇಂಧನ ಇವುಗಳ ಒಂದು ವರ್ಷದ ಅಂಕಿಗಳನ್ನು ಬರೆದಿಡುವುದು. ಎರಡನೆಯದು, ಹೊಣೆಗಾರ: ಕುಲಸಚಿವರ ಕಚೇರಿಯಲ್ಲಿ ಈ ಕಾರ್ಯಕ್ಕೆಂದೇ ಅಧಿಕಾರವುಳ್ಳ ಒಬ್ಬ ಅಧಿಕಾರಿ, ಅವರೊಡನೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೆಳದರ್ಜೆಯ ನೌಕರರೂ ಇರುವ ಸಮಿತಿ. ಮೂರನೆಯದು, ಹಣ: ಉಳಿತಾಯವಾದ ವಿದ್ಯುತ್ ಬಿಲ್ಲಿನ ಒಂದು ಪಾಲನ್ನು ಮುಂದಿನ ಸುಧಾರಣೆಗೆ ಮೀಸಲಿಡುವ ಪ್ರತ್ಯೇಕ ನಿಧಿ, ಇದರಿಂದ ಸರಕಾರದ ಮುಂದೆ ಕೈಯೊಡ್ಡುವ ಪ್ರಮೇಯವು ಕಡಮೆಯಾಗುವುದು. ನಾಲ್ಕನೆಯದು, ಬೇಲಿಯಾಚೆಯ ಒಪ್ಪಂದ: ಕೆರೆ, ಕಾಲುವೆ, ಕಸ, ಬಸ್ಸು ಇವುಗಳ ವಿಷಯವಾಗಿ ನಗರಾಡಳಿತದೊಡನೆ ಲಿಖಿತ ಕರಾರು. ಐದನೆಯದು, ಬಹಿರಂಗತೆ: ವಾರ್ಷಿಕ ವರದಿಯಲ್ಲಿ ಪದವೀಧರರ ಸಂಖ್ಯೆಯ ಪಕ್ಕದಲ್ಲಿಯೇ ನೀರಿನ ಲೀಟರುಗಳನ್ನೂ ವಿದ್ಯುತ್ತಿನ ಯೂನಿಟ್ಟುಗಳನ್ನೂ ಕನ್ನಡದಲ್ಲಿ ಅಚ್ಚು ಹಾಕುವುದು. ಗುರಿಯನ್ನು ಮುಟ್ಟದ ವರ್ಷದಲ್ಲಿ ಮುಟ್ಟಲಿಲ್ಲವೆಂದೂ ಏಕೆ ಮುಟ್ಟಲಿಲ್ಲವೆಂದೂ ಬರೆಯುವುದು.

ಈ ಐದರಲ್ಲಿ ಯಾವುದೂ ವಿಜ್ಞಾನದ ಹೊಸ ಶೋಧವನ್ನು ಬೇಡುವುದಿಲ್ಲ; ಯಾವುದೂ ಹೊರದೇಶದ ಸಾಲವನ್ನು ಬೇಡುವುದಿಲ್ಲ. ಮೀಟರನ್ನು ಓದಿ ಬರೆದಿಡುವ ಕೆಲಸವನ್ನು ಪರಿಸರ ಪಾಠದ ಪ್ರಾಯೋಗಿಕ ಭಾಗವನ್ನಾಗಿ ಮಾಡಿದರೆ ವಿದ್ಯಾರ್ಥಿಗಳೇ ಅದನ್ನು ಸಂತೋಷದಿಂದ ಮಾಡಿಯಾರು. ಪುಸ್ತಕದ ಜಲಮಾಲಿನ್ಯಕ್ಕಿಂತ ತನ್ನ ವಸತಿಗೃಹದ ತೊಟ್ಟಿಯು ರಾತ್ರಿಯೆಲ್ಲ ತು೦ಬಿ ಹರಿಯುವುದನ್ನು ಅಳೆದವನು ಆ ವಿದ್ಯೆಯನ್ನು ಜೀವಮಾನವೆಲ್ಲ ಮರೆಯಲಾರನು. ನಾಳೆ ಅವನು ತಹಸೀಲ್ದಾರನಾದಾನು, ಇಂಜಿನಿಯರನಾದಾನು, ಉಪಾಧ್ಯಾಯನಾದಾನು. ಅಳೆಯುವ ಅಭ್ಯಾಸವನ್ನು ಅಲ್ಲಿಗೂ ಒಯ್ದಾನು.

ನಮ್ಮ ವಾಚಕರಲ್ಲಿ ಅನೇಕರು ಈ ವಿಶ್ವವಿದ್ಯಾಲಯಗಳ ಪದವೀಧರರು. ಕೆಲವರು ಸಿಂಡಿಕೇಟ್ ಸಭೆಗಳಲ್ಲಿ ಕುಳಿತುಕೊಳ್ಳುವವರು, ಕೆಲವರು ಅವುಗಳ ಆಯವ್ಯಯವನ್ನು ಪರಿಶೀಲಿಸುವ ಅಧಿಕಾರಿಗಳು. ಅವರೆಲ್ಲರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ಮುಂದಿನ ಬಾರಿ ಸುಸ್ಥಿರತೆಯ ಠರಾವು ಮೇಜಿನ ಮೇಲೆ ಬಂದಾಗ ಅದರ ಒಕ್ಕಣೆಯು ಎಷ್ಟು ಸೊಗಸಾಗಿದೆಯೆಂದು ನೋಡುವುದಕ್ಕೆ ಮುಂಚೆ, ಕಳೆದ ವರ್ಷ ಈ ಆವರಣವು ಎಷ್ಟು ಲಕ್ಷ ಲೀಟರ್ ನೀರನ್ನು ಬಳಸಿತೆಂದು ಕೇಳಿರಿ. ಉತ್ತರವು ದೊರೆತರೆ ಠರಾವನ್ನು ಅಂಗೀಕರಿಸಿರಿ. ದೊರೆಯದಿದ್ದರೆ ಮೊದಲು ಮೀಟರುಗಳಿಗೆ ಹಣವನ್ನು ಮಂಜೂರು ಮಾಡಿಸಿ, ಠರಾವನ್ನು ಮುಂದಿನ ಸಭೆಗೆ ಇಟ್ಟುಕೊಳ್ಳಿರಿ. ಕನ್ನಡ ನಾಡಿನ ಒಂದು ವಿಶ್ವವಿದ್ಯಾಲಯವಾದರೂ ಈ ಕ್ರಮದಿಂದ ಕಾರ್ಯವನ್ನು ಆರಂಭಿಸಿ ಉಳಿದವುಗಳಿಗೆ ಮೇಲ್ಪಂಕ್ತಿಯಾಗುವುದೆಂದು ನಾವು ಆಶಿಸುತ್ತೇವೆ.